ಕುರಿಯ ಮೆದುಳು, ಮನುಷ್ಯನ ನರ

ಐವತ್ತು ದಾಟಿದವರಿಗೆ ನೆನಪಿರುತ್ತದೆ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಕಚ್ಚಿದ ನಾಯಿಗಿಂತ ಆ ಸೂಜಿಗೇ ಜನ ಹೆಚ್ಚು ಹೆದರುತ್ತಿದ್ದರು. 1980ರ ದಶಕದಲ್ಲಿ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಕೆಲಸಕ್ಕೆ ಸೇರಿದ ನಾನು ಆ ಇಂಜೆಕ್ಷನ್ನನ್ನು ಎಷ್ಟು ಹೊಟ್ಟೆಗಳಿಗೆ ಚುಚ್ಚಿದ್ದೇನೋ ಲೆಕ್ಕವಿಲ್ಲ. ಸೀಸೆಯನ್ನು ಅಲುಗಾಡಿಸಿ, ಅಡಿಯಲ್ಲಿ ಕೂತ ಗಷ್ಟನ್ನು ಕದಡಿಕೊಂಡು, ದಪ್ಪ ಸಿರಿಂಜಿಗೆ ಎಳೆದುಕೊಳ್ಳಬೇಕಿತ್ತು. ಆ ಗಷ್ಟು ಕುರಿಯ ಮೆದುಳು.

ಹುಚ್ಚುನಾಯಿ ಕಾಯಿಲೆಯ ವೈರಸ್ಸನ್ನು ಕುರಿಯ ಮೆದುಳಿನಲ್ಲಿ ಬೆಳೆಸಿ, ಆ ಮೆದುಳನ್ನು ಅರೆದು, ಕಾರ್ಬಾಲಿಕ್ ಆಮ್ಲ ಬೆರೆಸಿ ವೈರಸ್ಸನ್ನು ಸಾಯಿಸಿ ತಯಾರಿಸಿದ ಲಸಿಕೆ ಅದು. ಡೇವಿಡ್ ಸೆಂಪಲ್ ಎಂಬ ಬ್ರಿಟಿಷ್ ಸೇನಾ ವೈದ್ಯರು 1911ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಅದನ್ನು ರೂಪಿಸಿದರು. ಒಂದು ಶತಮಾನದ ಹತ್ತಿರ ಹತ್ತಿರ ನಮ್ಮ ದೇಶದ ಬಡವರನ್ನು ರೇಬೀಸ್‌ನಿಂದ ಕಾಪಾಡಿದ್ದು ಅದೇ ಲಸಿಕೆ; ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಸತ್ತ ವೈರಸ್ಸಿನ ಜೊತೆಗೆ ಕುರಿಯ ನರಗಳ ಅಂಶವೂ ಅದರಲ್ಲಿ ಧಾರಾಳವಾಗಿ ಇರುತ್ತಿತ್ತು. ಕುರಿಯ ನರಕ್ಕೂ ಮನುಷ್ಯನ ನರಕ್ಕೂ ಪ್ರೋಟೀನುಗಳ ಮಟ್ಟದಲ್ಲಿ ಅಂಥ ದೊಡ್ಡ ವ್ಯತ್ಯಾಸವಿಲ್ಲ.

ನಮ್ಮಲ್ಲಿ ಆ ಕೋರ್ಸು ಮುಗಿಸುತ್ತಾ ಬಂದಿದ್ದ ಒಬ್ಬ ಹುಡುಗನಿದ್ದ. ತೆಂಗಿನಕಾಯಿ ಸುಲಿಯುವ ಕೆಲಸ, ಗಟ್ಟಿಮುಟ್ಟಾದ ಆಳು. ಮೊದಲು ಜ್ವರ, ತಲೆನೋವು. ಆಮೇಲೆ ಮೂತ್ರ ಕಟ್ಟಿಕೊಂಡಿತು. ಮರುದಿನ ಬೆಳಿಗ್ಗೆ ಎರಡು ಕಾಲೂ ಎತ್ತಲಾಗಲಿಲ್ಲ. ಸೂಜಿಮೊನೆಯಿಂದ ಪಾದದಿಂದ ಮೇಲಕ್ಕೆ ಮುಟ್ಟುತ್ತಾ ಬಂದೆ. ಹೊಕ್ಕುಳದವರೆಗೆ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಎರಡು ಬೆರಳು ಮೇಲೆ ಮುಟ್ಟಿದೊಡನೆ 'ಹಾ' ಎಂದ. ಆ ಗಡಿಯನ್ನು ಬಾಲ್‌ಪೆನ್ನಿನಲ್ಲಿ ಅವನ ಹೊಟ್ಟೆಯ ಮೇಲೆ ಗುರುತು ಹಾಕಿದೆ, ಸಂಜೆಗೆ ಅದು ಏರಿದೆಯೋ ಇಳಿದಿದೆಯೋ ನೋಡಲು. ಅವನ ತಾಯಿ ಮಂಚದ ಕಾಲು ಹಿಡಿದು ಕೂತಿದ್ದರು.

"ನಾಯಿ ವಿಷ ಏರ್ತಾ ಐತಾ ಸ್ವಾಮಿ?"

"ನಾಯಿದಲ್ಲ ಕಣಮ್ಮ. ವಿಷ ಆಗಿದ್ರೆ ಹೆಚ್ಚಾಗಿ ನೀರು ಕಂಡ್ರೆ ಬೆಚ್ಚಿ ಬೀಳ್ತಿದ್ದ. ಬೆನ್ನುಹುರಿ ಊದ್ಕೊಂಡಿದೆ. ಬೆಂಗಳೂರಿಗೆ ಕಳಿಸ್ತೀನಿ."

ಬೆಂಗಳೂರಿನಲ್ಲಿ ಅವನಿಗೆ ಸ್ಟೀರಾಯ್ಡ್ ಕೊಟ್ಟರು. ಕೆಲವು ತಿಂಗಳಾದ ಮೇಲೆ ಕೋಲೂರಿಕೊಂಡು ಆಸ್ಪತ್ರೆಗೆ ಬಂದ. ಇನ್ನೂ ಕೆಲವು ತಿಂಗಳಿಗೆ ಕೋಲು ಬಿಟ್ಟ. ಎಲ್ಲರೂ ಹೀಗೆ ಚೇತರಿಸಿಕೊಳ್ಳುತ್ತಿರಲಿಲ್ಲ. ಈ ಲಸಿಕೆ ಪಡೆದವರಲ್ಲಿ ಕೆಲವು ನೂರಕ್ಕೆ ಒಬ್ಬರಿಂದ ಹಿಡಿದು ಕೆಲವು ಸಾವಿರಕ್ಕೆ ಒಬ್ಬರವರೆಗೆ ಇಂಥ ತೊಂದರೆ ಆಗುತ್ತದೆಂದು ಬೇರೆ ಬೇರೆ ಕಡೆಯ ಲೆಕ್ಕಗಳು ಹೇಳುತ್ತಿದ್ದವು. ನಮ್ಮ ನಿಮ್ಹಾನ್ಸ್‌ನ ವೈದ್ಯರೂ 1980ರ ದಶಕದಲ್ಲೇ ಇಂಥ ರೋಗಿಗಳ ಬಗ್ಗೆ ಬರೆದಿದ್ದರು. ಕೊನೆಗೆ 2005ರ ಹೊತ್ತಿಗೆ ಸರ್ಕಾರ ಮೆದುಳಿನ ಲಸಿಕೆಯನ್ನು ಪೂರ್ತಿ ನಿಲ್ಲಿಸಿತು. ಈಗಿನದು ಪ್ರಯೋಗಾಲಯದ ಜೀವಕೋಶಗಳಲ್ಲಿ ಬೆಳೆಸಿದ ಲಸಿಕೆ. ತೋಳಿಗೆ ನಾಲ್ಕೈದು ಸಲ ಹಾಕಿದರೆ ಮುಗಿಯಿತು. ಅದರಲ್ಲಿ ಮೆದುಳೂ ಇಲ್ಲ, ಈ ಭಯವೂ ಇಲ್ಲ. ಹಳೆಯ ಕತೆ ಕೇಳಿ ಹೊಸ ಲಸಿಕೆಗೆ ಹಿಂಜರಿಯುವವರು ಇನ್ನೂ ಇದ್ದಾರೆಂದು ಇಷ್ಟನ್ನು ಒತ್ತಿ ಹೇಳಿದೆ.

ಸರಿ, ಆ ಹುಡುಗನ ಬೆನ್ನುಹುರಿಗೆ ಪೆಟ್ಟು ಕೊಟ್ಟವರು ಯಾರು? ವೈರಸ್ ಸತ್ತಿತ್ತು. ಕುರಿಯ ಮೆದುಳಿಗೆ ತಾನಾಗಿ ಯಾರನ್ನೂ ಕೊಲ್ಲುವ ಶಕ್ತಿಯಿಲ್ಲ. ಪೆಟ್ಟು ಕೊಟ್ಟದ್ದು ಅವನದೇ ರಕ್ತದ ಬಿಳಿಯ ಕಣಗಳು. ಇದು ಮೊದಲು ಗಟ್ಟಿಯಾಗಿ ಗೊತ್ತಾದದ್ದೂ ಇದೇ ಲಸಿಕೆಯ ತಂಟೆಯಿಂದ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ವೈರಸ್ಸನ್ನು ಬದಿಗಿಟ್ಟು, ಆರೋಗ್ಯವಾಗಿದ್ದ ಮೊಲದ ಮೆದುಳಿನ ಸಾರವನ್ನಷ್ಟೇ ಕೋತಿಗಳಿಗೆ ಮತ್ತೆ ಮತ್ತೆ ಚುಚ್ಚಿದರು. 1933ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ: ಕೆಲವು ಕೋತಿಗಳ ಕೈಕಾಲು ಸೋತವು, ಅವುಗಳ ಮೆದುಳಿನಲ್ಲಿ ನರದ ಹೊದಿಕೆ ಕಿತ್ತುಹೋಗಿತ್ತು, ಸುತ್ತ ಬಿಳಿಯ ಕಣಗಳು ಮುತ್ತಿದ್ದವು. ರೋಗಾಣುವೇ ಇಲ್ಲದ ರೋಗ.

ಆ ಹೊದಿಕೆಯ ಹೆಸರು ಮೈಲಿನ್. ಕೊಬ್ಬು ಮತ್ತು ಪ್ರೋಟೀನಿನ ಪದರಗಳು ನರತಂತುವಿಗೆ ಸುತ್ತು ಹಾಕಿಕೊಂಡಿರುತ್ತವೆ. ಅದಿದ್ದರೆ ನರಸಂದೇಶ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ವೇಗದಲ್ಲಿ ಓಡುತ್ತದೆ. ಹೊದಿಕೆ ಕಳಚಿದರೆ ಸಂದೇಶ ತಡವರಿಸುತ್ತದೆ, ಇಲ್ಲವೇ ದಾರಿಯಲ್ಲೇ ನಿಂತುಹೋಗುತ್ತದೆ.

ಹೊದಿಕೆ ಕಳಚುವ ಕೆಲಸ ರಕ್ತದ ನೀರಿನಲ್ಲಿರುವ ಪ್ರತಿಕಾಯಗಳದ್ದೋ ಕಣಗಳದ್ದೋ ಎಂಬ ಜಗಳ ಬಹುಕಾಲ ನಡೆಯಿತು. ರೋಗ ಬಂದ ಪ್ರಾಣಿಯ ರಕ್ತದ ತಿಳಿಯನ್ನು ಆರೋಗ್ಯವಂತ ಪ್ರಾಣಿಗೆ ಕೊಟ್ಟರೆ ಏನೂ ಆಗುತ್ತಿರಲಿಲ್ಲ. 1960ರಲ್ಲಿ ಫಿಲಿಪ್ ಪ್ಯಾಟರ್ಸನ್ ಎಂಬ ವಿಜ್ಞಾನಿ ರೋಗ ಬಂದ ಇಲಿಗಳ ಹಾಲ್ರಸ ಗ್ರಂಥಿಯ ಕಣಗಳನ್ನು ಬೇರೆ ಇಲಿಗಳಿಗೆ ವರ್ಗಾಯಿಸಿದರು. ಅವೂ ಕಾಲು ಎಳೆಯತೊಡಗಿದವು. 1981ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮೈಲಿನ್ನಿನ ಒಂದೇ ಒಂದು ಪ್ರೋಟೀನನ್ನು ಗುರುತಿಸುವ ಟಿ ಕಣಗಳನ್ನು ಬೇರ್ಪಡಿಸಿ ಬೆಳೆಸಿ ಇಲಿಗೆ ಕೊಟ್ಟಿತು. ಪಾರ್ಶ್ವವಾಯು ತರಲು ಅವೇ ಸಾಕಾದವು.

ಟಿ ಕಣ ಎಂದರೆ ಬಿಳಿ ರಕ್ತಕಣಗಳ ಒಂದು ಜಾತಿ. ಹುಟ್ಟುವುದು ಎಲುಬಿನ ಮಜ್ಜೆಯಲ್ಲಿ, ಪಳಗುವುದು ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ. ಒಂದೊಂದು ಕಣಕ್ಕೂ ಒಂದೊಂದು ಬಗೆಯ ಗುರಿ. ಅದು ಏನನ್ನು ಗುರುತಿಸಬೇಕು ಎಂಬುದು ಹುಟ್ಟುವಾಗ ಅಡ್ಡಾದಿಡ್ಡಿಯಾಗಿ ನಿರ್ಧಾರವಾಗುತ್ತದೆ. ಹಾಗಾಗಿ ಮೈಯ ಸ್ವಂತ ಅಂಶಗಳನ್ನೇ ಗುರಿ ಮಾಡುವ ಕಣಗಳೂ ಹುಟ್ಟಿಬಿಡುತ್ತವೆ. ಥೈಮಸ್ ಅಂಥವನ್ನು ಹೆಕ್ಕಿ ಸಾಯಿಸುತ್ತದೆ. ಒಳಹೊಕ್ಕ ಕಣಗಳಲ್ಲಿ ಜೀವಸಹಿತ ಹೊರಬರುವುದು ತೀರ ಕಡಿಮೆ. ಆದರೂ ಮೊರದಲ್ಲಿ ಎಷ್ಟೇ ಕೇರಿದರೂ ರಾಗಿಯಲ್ಲಿ ಒಂದೆರಡು ಕಲ್ಲು ಉಳಿಯುವ ಹಾಗೆ ಕೆಲವು ಉಳಿಯುತ್ತವೆ.

ಎಲ್ಲರಲ್ಲೂ ಉಳಿಯುತ್ತವೆ ಎಂಬುದೇ ಇಲ್ಲಿ ಬೆರಗಿನ ಸಂಗತಿ. 1990ರ ಸುಮಾರಿಗೆ ಹಲವು ಪ್ರಯೋಗಾಲಯಗಳು ನರರೋಗಿಗಳ ರಕ್ತವನ್ನೂ ಆರೋಗ್ಯವಂತರ ರಕ್ತವನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದಾಗ, ಮೈಲಿನ್ ವಿರೋಧಿ ಟಿ ಕಣಗಳು ಇಬ್ಬರಲ್ಲೂ ಸಿಕ್ಕವು. ಇದನ್ನು ಓದುತ್ತಿರುವ ನಿಮ್ಮ ರಕ್ತದಲ್ಲೂ ಇವೆ, ಬರೆಯುತ್ತಿರುವ ನನ್ನ ರಕ್ತದಲ್ಲೂ ಇವೆ. ಅಂದಮೇಲೆ ರೋಗಿಯನ್ನು ನೋಡಿ 'ಇವನಿಗೆ ಯಾಕೆ ಬಂತು' ಎಂದು ಕೇಳುವಷ್ಟೇ 'ನಮಗೆ ಯಾಕೆ ಬಂದಿಲ್ಲ' ಎಂದೂ ಕೇಳಬೇಕಾಗುತ್ತದೆ.

ಈ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕಿದವರಿಗೆ 2025ರ ವೈದ್ಯಕೀಯ ನೊಬೆಲ್ ಬಂತು. ಟಿ ಕಣಗಳಲ್ಲೇ ಒಂದು ಗುಂಪು ಉಳಿದ ಕಣಗಳನ್ನು ಹದ್ದುಬಸ್ತಿನಲ್ಲಿ ಇಡುತ್ತದೆ ಎಂದು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ತೋರಿಸಿದರು. ಆಗ ಅವರ ಮಾತಿಗೆ ಕಿವಿಗೊಟ್ಟವರು ಕಡಿಮೆ. ಅಮೆರಿಕದ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತಿದ್ದ ಒಂದು ತಳಿಯ ಇಲಿಗಳಲ್ಲಿ ಕೆಟ್ಟಿದ್ದ ಜೀನ್ ಯಾವುದೆಂದು 2001ರಲ್ಲಿ ಪತ್ತೆಹಚ್ಚಿದರು. ಫಾಕ್ಸ್‌ಪಿ3 ಎಂಬ ಆ ಜೀನ್ ಇಲ್ಲದಿದ್ದರೆ ಹದ್ದುಬಸ್ತಿನ ಕಣಗಳೇ ಸರಿಯಾಗಿ ತಯಾರಾಗುವುದಿಲ್ಲ; ಮೈಯೆಲ್ಲ ಸ್ವಂತ ಕಣಗಳ ದಾಳಿಗೆ ತುತ್ತಾಗುತ್ತದೆ. ಈ ಕಾವಲಿನ ಕಣಗಳು ಸೋಲುವುದು, ಸುಪ್ತವಾಗಿದ್ದ ಟಿ ಕಣವನ್ನು ಯಾವುದೋ ಸೋಂಕು ಎಬ್ಬಿಸುವುದು, ವಂಶವಾಹಿಯ ಒಲವು, ಇವೆಲ್ಲ ಒಟ್ಟು ಸೇರಿದಾಗ ಕಾಯಿಲೆಗೆ ದಾರಿಯಾಗುತ್ತದೆ. ನಮ್ಮ ಹುಡುಗನಲ್ಲಿ ಎಬ್ಬಿಸಿದ್ದು ಕುರಿಯ ಮೆದುಳು.

ಎದ್ದ ಕಣ ಮೆದುಳನ್ನು ತಲುಪುವುದೂ ಸುಲಭವಲ್ಲ. ಮೆದುಳಿನ ರಕ್ತನಾಳಗಳ ಗೋಡೆ ಬೇರೆ ಕಡೆಗಿಂತ ಬಿಗಿ, ಕೋಶ ಕೋಶಕ್ಕೆ ಹೊಲಿಗೆ ಹಾಕಿರುತ್ತದೆ. ಎಚ್ಚೆತ್ತ ಟಿ ಕಣ ಆ ಗೋಡೆಗೆ ಉರುಳುತ್ತಾ ಬಂದು, ತನ್ನ ಮೈಮೇಲಿನ ಒಂದು ಕೊಂಡಿಯಿಂದ ಗೋಡೆಯ ಮೇಲಿನ ಇನ್ನೊಂದು ಕೊಂಡಿಯನ್ನು ಹಿಡಿದು ನಿಂತು, ಆಮೇಲೆ ಸಂದಿಯಲ್ಲಿ ತೂರುತ್ತದೆ. ಆ ಕೊಂಡಿಯನ್ನು ಮುಚ್ಚಿಬಿಟ್ಟರೆ ಇಲಿಗಳಿಗೆ ರೋಗ ಬರುವುದಿಲ್ಲ ಎಂದು 1992ರಲ್ಲಿ ಗೊತ್ತಾಯಿತು. ಅದರಿಂದಲೇ ನಟಾಲಿಜುಮ್ಯಾಬ್ ಎಂಬ ಔಷಧಿ ಬಂತು. 2004ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವೇ ತಿಂಗಳಲ್ಲಿ, 2005ರಲ್ಲಿ, ಮಾರುಕಟ್ಟೆಯಿಂದ ವಾಪಸು. ಕಾರಣ: ಟಿ ಕಣಗಳು ಮೆದುಳಿಗೆ ಹೋಗದೇ ಇದ್ದಾಗ ಕೆಲವು ರೋಗಿಗಳಲ್ಲಿ ಜೆಸಿ ಎಂಬ ವೈರಸ್ ಮೆದುಳನ್ನು ತಿನ್ನತೊಡಗಿತ್ತು. ಬಹುಪಾಲು ಜನರ ಮೈಯಲ್ಲಿ ತೆಪ್ಪಗೆ ಬಿದ್ದಿರುವ ವೈರಸ್ ಅದು. ಅದನ್ನು ತೆಪ್ಪಗಿಟ್ಟಿದ್ದವರೂ ಇದೇ ಟಿ ಕಣಗಳು ಎಂದು ಆಗ ಸ್ಪಷ್ಟವಾಯಿತು. 2006ರಲ್ಲಿ ಕಟ್ಟುನಿಟ್ಟಿನ ಷರತ್ತುಗಳೊಂದಿಗೆ ಔಷಧಿ ಮರಳಿತು.

ಮೆದುಳು ಮತ್ತು ಬೆನ್ನುಹುರಿಯಲ್ಲಿ ಹೀಗೆ ಮತ್ತೆ ಮತ್ತೆ ಮೈಲಿನ್ ಕೀಳುವ ಕಾಯಿಲೆಗಳಲ್ಲಿ ಜಗತ್ತಿಗೆ ಹೆಚ್ಚು ಪರಿಚಿತವಾದದ್ದು ಮಲ್ಟಿಪಲ್ ಸ್ಕ್ಲೆರೋಸಿಸ್, ಎಂಎಸ್. 1868ರಲ್ಲಿ ಪ್ಯಾರಿಸಿನ ಶಾರ್ಕೋ ಅದನ್ನು ಬೇರೆ ಕಾಯಿಲೆಯೆಂದು ಗುರುತಿಸಿ ವಿವರಿಸಿದರು. ಯುರೋಪಿನ ಉತ್ತರದ ದೇಶಗಳಲ್ಲಿ ಲಕ್ಷಕ್ಕೆ ನೂರಕ್ಕೂ ಮೇಲೆ ರೋಗಿಗಳು. ಮಂಗಳೂರು ನಗರದಲ್ಲಿ ಮನೆಮನೆ ಲೆಕ್ಕದ ಹಾಗೆ ಶ್ರದ್ಧೆಯಿಂದ ಹುಡುಕಿದಾಗ ಸಿಕ್ಕದ್ದು ಲಕ್ಷಕ್ಕೆ ಎಂಟರ ಆಸುಪಾಸು. ಕಡಿಮೆಯೇ. ಆದರೆ ಎಂಆರ್‌ಐ ಬರುವ ಮೊದಲು ನಮ್ಮಂಥ ಊರುಗಳಲ್ಲಿ ಅದನ್ನು ಹಿಡಿಯುವುದೇ ಕಷ್ಟವಿತ್ತು.

ನಾನು ಹತ್ತಿರದಿಂದ ಕಂಡ ಎಂಎಸ್ ರೋಗಿ ಪ್ರಾಥಮಿಕ ಶಾಲೆಯ ಒಬ್ಬ ಶಿಕ್ಷಕಿ. ಅವರ ದೂರು ವಿಚಿತ್ರವಾಗಿತ್ತು. ಶನಿವಾರ ಎಣ್ಣೆ ಹಚ್ಚಿಕೊಂಡು ಹಂಡೆಯ ಬಿಸಿನೀರು ಹೊಯ್ದುಕೊಂಡು ಹೊರಬಂದರೆ ಎಡಗಣ್ಣು ಮಂಜಾಗುತ್ತದೆ. ಫ್ಯಾನಿನ ಕೆಳಗೆ ಅರ್ಧ ಗಂಟೆ ಕೂತರೆ ಸರಿಹೋಗುತ್ತದೆ. ಅತ್ತೆ "ಹಬೆ ತಾಗಿದೆ" ಎಂದು ಬಿಟ್ಟುಬಿಟ್ಟಿದ್ದರು. ಕನ್ನಡಕದ ಅಂಗಡಿಯವನು ಎರಡು ಸಲ ಗಾಜು ಬದಲಾಯಿಸಿ ಕೊಟ್ಟಿದ್ದ. ಜರ್ಮನಿಯ ಊಟ್‌ಹಾಫ್ ಎಂಬ ಕಣ್ಣಿನ ವೈದ್ಯರು 1890ರಲ್ಲೇ ಇಂಥ ತಾತ್ಕಾಲಿಕ ಮಂಜನ್ನು ಗಮನಿಸಿದ್ದರು. ಹೊದಿಕೆ ಕಿತ್ತ ನರ ತಣ್ಣಗಿದ್ದಾಗ ಹೇಗೋ ಸಂದೇಶ ದಾಟಿಸುತ್ತದೆ, ಮೈ ಅರ್ಧ ಡಿಗ್ರಿ ಬಿಸಿಯಾದರೂ ಕೈಚೆಲ್ಲುತ್ತದೆ. ಎಂಆರ್‌ಐ ಬರುವ ಮೊದಲು ವೈದ್ಯರು ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಈ ಕಾಯಿಲೆಯನ್ನು ಹುಡುಕುತ್ತಿದ್ದದ್ದೂ ಉಂಟು. ಶಿಕ್ಷಕಿಯ ಎಂಆರ್‌ಐ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಮೆದುಳಿನ ನಡುವಿನ ಕೋಣೆಗಳ ಅಂಚಿಗೆ ಬಿಳಿಯ ಮೊಟ್ಟೆಯಾಕಾರದ ಮಚ್ಚೆಗಳು.

ಆ ಒಂದೊಂದು ಮಚ್ಚೆಯೊಳಗೂ ಹಲವು ಜಾತಿಯ ಕಣಗಳ ಕೆಲಸವಿದೆ. ಒಳನುಗ್ಗಿದ ಟಿ ಕಣ ಸಾಮಾನ್ಯವಾಗಿ ತಾನೇ ಮೈಲಿನ್ ತಿನ್ನುವುದಿಲ್ಲ. ಅದು ರಾಸಾಯನಿಕ ಸಂದೇಶಗಳನ್ನು ಬಿಟ್ಟು ಬೇರೆಯವರನ್ನು ಕರೆಯುತ್ತದೆ. ತಿನ್ನುವುದು ರಕ್ತದಿಂದ ಬಂದ ಮ್ಯಾಕ್ರೋಫೇಜ್‌ಗಳು ಮತ್ತು ಮೆದುಳಿನ ಕಾಯಂ ನಿವಾಸಿಗಳಾದ ಮೈಕ್ರೋಗ್ಲಿಯಾ. ಸ್ಪೇನಿನ ರಿಯೋ ಹೊರ್ತೇಗಾ 1919ರಲ್ಲಿ ಬೇರೆಯೇ ಜಾತಿಯೆಂದು ಗುರುತಿಸಿದ ಈ ಮೈಕ್ರೋಗ್ಲಿಯಾ, ನಾವು ಭ್ರೂಣವಾಗಿದ್ದಾಗಲೇ ಮೆದುಳಿಗೆ ಬಂದು ನೆಲೆಸಿರುತ್ತವೆ. ಒಳ್ಳೆಯ ದಿನಗಳಲ್ಲಿ ಅವು ಸತ್ತ ಕೋಶಗಳನ್ನು, ಬೇಡದ ನರಸಂಧಿಗಳನ್ನು ಶುಚಿ ಮಾಡಿಕೊಂಡಿರುತ್ತವೆ. ಕಿತ್ತುಹೋದ ಮೈಲಿನ್ನಿನ ಕಸವನ್ನು ಅವು ತೆಗೆದುಹಾಕದಿದ್ದರೆ ಹೊಸ ಮೈಲಿನ್ ಬೆಳೆಯುವುದೂ ಇಲ್ಲ. ಹಾಗಾಗಿ ಇವುಗಳನ್ನು ಖಳನಾಯಕರ ಪಟ್ಟಿಗೆ ಸೇರಿಸಲು ನನಗೆ ಮನಸ್ಸಿಲ್ಲ.

ಟಿ ಕಣಗಳೇ ಎಲ್ಲಕ್ಕೂ ಮೂಲ ಎಂದು ನಂಬಿಕೊಂಡಿದ್ದ ಕ್ಷೇತ್ರಕ್ಕೆ 2008ರಲ್ಲಿ ಒಂದು ಏಟು ಬಿತ್ತು. ಪ್ರತಿಕಾಯ ತಯಾರಿಸುವ ವಂಶಕ್ಕೆ ಸೇರಿದ ಬಿ ಕಣಗಳನ್ನು ನಾಶಮಾಡುವ ರಿಟುಕ್ಸಿಮ್ಯಾಬ್ ಎಂಬ ಕ್ಯಾನ್ಸರ್ ಔಷಧಿಯನ್ನು 104 ಎಂಎಸ್ ರೋಗಿಗಳ ಪ್ರಯೋಗದಲ್ಲಿ ಬಳಸಿದರು. ಔಷಧಿ ಪಡೆದವರಲ್ಲಿ ಮೆದುಳಿನ ಹೊಸ ಉರಿಯೂತದ ಮಚ್ಚೆಗಳು ಶೇ. 90ರಷ್ಟು ಕಡಿಮೆಯಾದವು, ಅದೂ ಕೆಲವೇ ವಾರಗಳಲ್ಲಿ. ಪ್ರತಿಕಾಯಗಳ ಮಟ್ಟ ಅಷ್ಟು ಬೇಗ ಇಳಿಯುವಂಥದ್ದಲ್ಲ. ಅಂದರೆ ಬಿ ಕಣಗಳು ಪ್ರತಿಕಾಯ ಮಾಡುವುದರ ಹೊರತಾಗಿ ಬೇರೇನನ್ನೋ ಮಾಡುತ್ತಿವೆ: ಗುರಿಯನ್ನು ಹಿಡಿದು ತೋರಿಸಿ ಟಿ ಕಣಗಳನ್ನು ಕೆರಳಿಸುತ್ತಿವೆ. 2022ರಲ್ಲಿ ಇನ್ನೊಂದು ಎಳೆ ಇದಕ್ಕೆ ಬಂದು ಸೇರಿತು. ಅಮೆರಿಕದ ಸೇನೆಯ ಒಂದು ಕೋಟಿಗೂ ಹೆಚ್ಚು ಸಿಬ್ಬಂದಿಯ ದಾಖಲೆ ಮತ್ತು ಕೂಡಿಟ್ಟ ರಕ್ತದ ಮಾದರಿಗಳನ್ನು ಜಾಲಾಡಿದಾಗ, ಎಂಎಸ್ ಬಂದ 801 ಮಂದಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರಿಗೂ ರೋಗಕ್ಕೆ ಮೊದಲೇ ಎಪ್‌ಸ್ಟೀನ್-ಬಾರ್ ವೈರಸ್ ತಗುಲಿತ್ತು. ಈ ವೈರಸ್ ಜೀವಮಾನವಿಡೀ ಮನೆ ಮಾಡಿಕೊಂಡಿರುವುದು ಬಿ ಕಣಗಳಲ್ಲಿ. ಭಾರತದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಚಿಕ್ಕಂದಿನಲ್ಲೇ ಅದು ತಗುಲಿರುತ್ತದೆ, ಆದರೂ ಎಂಎಸ್ ಕಡಿಮೆ. ವೈರಸ್ ಬೇಕು, ಆದರೆ ಅದೊಂದೇ ಸಾಲದು.

ಮಂಗಳೂರಿನ ಹೆಸರು ಎತ್ತಿದೆನಲ್ಲ, ಅದಕ್ಕೊಂದು ಕಾರಣವಿದೆ. ಅಲ್ಲಿನ ಕೆ.ಎಸ್. ಹೆಗ್ಡೆ ವೈದ್ಯಕೀಯ ಅಕಾಡೆಮಿಯಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಂಗಡಿಗರು ಮೈಲಿನ್ ಕಳಚುವ ಕಾಯಿಲೆಗಳ ಒಂದು ದೊಡ್ಡ ನೋಂದಣಿಯನ್ನು ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದಾರೆ. ಅದರಿಂದ ಲಾಭವಾದದ್ದು ಎಂಎಸ್‌ನಂತೆಯೇ ಕಾಣುವ ಇನ್ನೊಂದು ಕಾಯಿಲೆಯನ್ನು ಬೇರ್ಪಡಿಸಿ ನೋಡುವುದಕ್ಕೆ. ಅದು ನ್ಯೂರೋಮೈಲೈಟಿಸ್ ಆಪ್ಟಿಕಾ, ಎನ್‌ಎಂಒ. ಕಣ್ಣಿನ ನರವೂ ಬೆನ್ನುಹುರಿಯೂ ಒಟ್ಟಿಗೆ ಅಥವಾ ಒಂದರ ಹಿಂದೆ ಒಂದು ಕೆಡುತ್ತವೆ. ಬಹುಕಾಲ ಇದು ಏಷ್ಯಾದವರಿಗೆ ಬರುವ ಎಂಎಸ್ ಎಂದೇ ತಿಳಿದಿದ್ದರು. 2004ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವಾಂಡಾ ಲೆನನ್ ತಂಡ ಇದಕ್ಕೇ ಮೀಸಲಾದ ಒಂದು ಪ್ರತಿಕಾಯವನ್ನು ಕಂಡುಹಿಡಿಯಿತು. ಮರುವರ್ಷ ಅದರ ಗುರಿ ಯಾವುದೆಂದು ತಿಳಿಯಿತು: ಮೆದುಳಿನ ಆಸ್ಟ್ರೋಸೈಟ್ ಕೋಶಗಳ ಮೇಲಿರುವ, ನೀರು ಹಾಯುವ ಸಣ್ಣ ತೂಬು, ಅಕ್ವಾಪೋರಿನ್-4. ಇಲ್ಲಿ ಮೊದಲು ಸಾಯುವುದು ಆಸ್ಟ್ರೋಸೈಟ್, ಮೈಲಿನ್ ಆಮೇಲೆ. ಕರೆಗೆ ಓಗೊಟ್ಟು ಬರುವ ಕಣಗಳೂ ಬೇರೆ, ನ್ಯೂಟ್ರೋಫಿಲ್, ಇಯೋಸಿನೋಫಿಲ್ ಜಾತಿಯವು.

ರೋಗಿಗೆ ಈ ವ್ಯತ್ಯಾಸದಿಂದ ಆಗಬೇಕಾದ್ದೇನು ಎಂದು ಕೇಳಬಹುದು. ಬಹಳ ಆಗಬೇಕಾಗಿದೆ. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಬೀಟಾ, ಫಿಂಗೊಲಿಮಾಡ್, ಮೊದಲು ಹೇಳಿದ ನಟಾಲಿಜುಮ್ಯಾಬ್, ಇವನ್ನು ಎನ್‌ಎಂಒ ರೋಗಿಗೆ ಕೊಟ್ಟರೆ ಕಾಯಿಲೆ ಉಲ್ಬಣಿಸಬಹುದು. ಎನ್‌ಎಂಒದ ಒಂದೇ ದಾಳಿ ಕಣ್ಣು ಕಳೆಯಬಲ್ಲುದು. ರಕ್ತದಲ್ಲಿ ಆ ಪ್ರತಿಕಾಯ ಇದೆಯೇ ಎಂದು ನೋಡುವ ಒಂದು ಪರೀಕ್ಷೆ ಈ ಎರಡನ್ನೂ ಬೇರೆ ಮಾಡುತ್ತದೆ. ರಿಟುಕ್ಸಿಮ್ಯಾಬ್ ಮಾತ್ರ ಎರಡೂ ಕಡೆ ನಡೆಯುತ್ತದೆ. ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿ 2007ರಲ್ಲಿ ಅದರ ದೇಸಿ ಆವೃತ್ತಿಯನ್ನು ತಂದಿತು; ಅನೇಕ ಭಾರತೀಯ ಕಂಪನಿಗಳು ಅದೇ ಹಾದಿ ಹಿಡಿದವು. ವಿದೇಶದ ಹೊಸ ಹೊಸ ಔಷಧಿಗಳ ಬೆಲೆ ಕೇಳಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದ ಮಧ್ಯಮವರ್ಗದ ಮನೆಗಳಿಗೆ ಉಸಿರು ಬಂದದ್ದು ಹೀಗೆ.

ತಾಲ್ಲೂಕು ಆಸ್ಪತ್ರೆಯ ವೈದ್ಯನಿಗೆ ಎಂಎಸ್, ಎನ್‌ಎಂಒಗಳು ಅಪರೂಪದ ಅತಿಥಿಗಳು. ಮತ್ತೆ ಮತ್ತೆ ಎದುರಾಗುವುದು ಗಿಲಾನ್-ಬಾರೆ ಸಿಂಡ್ರೋಮ್, ಜಿಬಿಎಸ್. ಇಲ್ಲಿ ಪೆಟ್ಟು ಮೆದುಳಿಗಲ್ಲ, ಬೆನ್ನುಹುರಿಯಿಂದ ಹೊರಟು ಕೈಕಾಲಿಗೆ ಹೋಗುವ ನರಗಳಿಗೆ. ಕತೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: ಜಾತ್ರೆಗೋ ಮದುವೆಗೋ ಹೋಗಿಬಂದು ನಾಲ್ಕು ದಿನ ಭೇದಿ, ಅದು ವಾಸಿಯಾಗಿ ಒಂದೆರಡು ವಾರಕ್ಕೆ ಪಾದದಲ್ಲಿ ಜುಮುಜುಮು. "ಚಪ್ಪಲಿ ಕಾಲಿಂದ ಜಾರಿ ಬಿದ್ರೂ ತಿಳೀತಿಲ್ಲ ಡಾಕ್ಟ್ರೇ" ಎಂದು ಒಬ್ಬ ರೈತರು ನನ್ನ ಮುಂದೆ ನಿಂತಿದ್ದರು. ಬಸ್ಸಿನ ಮೆಟ್ಟಿಲು ಹತ್ತಲು ಮಗ ಹಿಂದಿನಿಂದ ನೂಕಬೇಕಾಯಿತಂತೆ. ಮೊಣಕಾಲಿಗೆ ಸುತ್ತಿಗೆಯಲ್ಲಿ ತಟ್ಟಿದೆ. ಕಾಲು ಹಾರಬೇಕು, ಹಾರಲಿಲ್ಲ. ಉಸಿರು ಪೂರ್ತಿ ಎಳೆದುಕೊಂಡು ಒಂದೇ ಉಸಿರಿಗೆ ಒಂದರಿಂದ ಎಣಿಸುತ್ತಾ ಹೋಗಿ ಎಂದೆ. ಆರೋಗ್ಯವಂತರು ಮೂವತ್ತು ದಾಟಿಸುತ್ತಾರೆ. ಇವರು ಹನ್ನೆರಡಕ್ಕೆ ನಿಂತರು. ಕಾಲಿನಿಂದ ಏರುತ್ತಿದ್ದ ಸೋಲು ಎದೆಯ ಉಸಿರಿನ ಸ್ನಾಯುಗಳನ್ನು ಮುಟ್ಟಿದೆ ಎಂದು ಅರ್ಥ. ಚೀಟಿ ಬರೆಯುವುದಕ್ಕೂ ಕೂರದೆ, ವೆಂಟಿಲೇಟರ್ ಇರುವ ಆಸ್ಪತ್ರೆಗೆ ಫೋನು ಮಾಡಿದೆ.

ಭೇದಿಗೂ ನರಕ್ಕೂ ಏನು ನಂಟು? ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾ ಅರೆಬೆಂದ ಕೋಳಿಮಾಂಸ, ಕೊಳಕು ನೀರಿನ ಮೂಲಕ ಹೊಟ್ಟೆ ಸೇರುತ್ತದೆ. ಅದರ ಹೊರಮೈಯ ಸಕ್ಕರೆಯ ಅಣುಗಳು ನಮ್ಮ ನರದ ಮೇಲಿರುವ ಗ್ಯಾಂಗ್ಲಿಯೋಸೈಡ್ ಎಂಬ ಅಣುಗಳನ್ನು ಬಹುವಾಗಿ ಹೋಲುತ್ತವೆ. ಬ್ಯಾಕ್ಟೀರಿಯಾ ವಿರುದ್ಧ ಬಿ ಕಣಗಳು ತಯಾರಿಸಿದ ಪ್ರತಿಕಾಯಗಳು ನರವನ್ನೂ ಹಿಡಿದುಕೊಳ್ಳುತ್ತವೆ. ಹಿಡಿದ ಕಡೆಗೆ ಮ್ಯಾಕ್ರೋಫೇಜ್‌ಗಳು ಬರುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಲ್ಲಿ ಅವು ಮೈಲಿನ್ ಪದರಗಳ ನಡುವೆ ತಮ್ಮ ತೋಳು ತೂರಿಸಿ, ಪದರವನ್ನು ಬಿಡಿಸಿ ಬಿಡಿಸಿ ತೆಗೆಯುವುದನ್ನು ಕಾಣಬಹುದು. 1916ರಲ್ಲಿ, ಮೊದಲ ಮಹಾಯುದ್ಧದ ನಡುವೆ, ಇಬ್ಬರು ಫ್ರೆಂಚ್ ಸೈನಿಕರಲ್ಲಿ ಈ ಕಾಯಿಲೆಯನ್ನು ಕಂಡ ಗಿಲಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ವೈದ್ಯರು ಬೆನ್ನಿನ ನೀರನ್ನು ಪರೀಕ್ಷಿಸಿ ಒಂದು ಸೋಜಿಗ ದಾಖಲಿಸಿದ್ದರು: ಪ್ರೋಟೀನು ಹೆಚ್ಚಿದೆ, ಆದರೆ ಕಣಗಳು ಹೆಚ್ಚಿಲ್ಲ. ಪೋಲಿಯೋದಲ್ಲಿ ಕಣಗಳು ತುಂಬಿರುತ್ತವೆ. ಇಂದಿಗೂ ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದಾಗ ನಾವು ಹುಡುಕುವುದು ಇದನ್ನೇ. ಸ್ಟ್ರೋಲ್ ಹೆಸರು ಮಾತ್ರ ಏಕೋ ಬಿಟ್ಟುಹೋಯಿತು.

2025ರ ಜನವರಿಯಲ್ಲಿ ನಮ್ಮ ನೆರೆಯ ಪುಣೆಯಲ್ಲಿ, ಸಿಂಹಗಡ ರಸ್ತೆಯ ಆಸುಪಾಸಿನ ಬಡಾವಣೆಗಳಲ್ಲಿ, ಈ ಕಾಯಿಲೆ ಒಮ್ಮೆಲೇ ಹಬ್ಬಿತು. ಕೆಲವೇ ವಾರಗಳಲ್ಲಿ ಇನ್ನೂರರಷ್ಟು ಮಂದಿ ಆಸ್ಪತ್ರೆ ಸೇರಿದರು. ಅನೇಕರ ಮಲದಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸಿಕ್ಕಿತು, ಸಂಶಯ ಕುಡಿಯುವ ನೀರಿನ ಮೇಲೆ ಹೋಯಿತು. ಜಿಬಿಎಸ್ ಮನುಷ್ಯನಿಂದ ಮನುಷ್ಯನಿಗೆ ಅಂಟುವುದಿಲ್ಲ, ಹಬ್ಬಿದ್ದು ಭೇದಿ.

ಇಲ್ಲಿ ಸ್ಟೀರಾಯ್ಡ್ ಕೆಲಸಕ್ಕೆ ಬರುವುದಿಲ್ಲ. ಎಂಎಸ್ ದಾಳಿಗೆ, ನಮ್ಮ ಲಸಿಕೆಯ ಹುಡುಗನಿಗೆ ಆಸರೆಯಾದ ಅದೇ ಸ್ಟೀರಾಯ್ಡ್ ಜಿಬಿಎಸ್‌ನಲ್ಲಿ ನಿಷ್ಪ್ರಯೋಜಕ ಎಂದು ಪ್ರಯೋಗಗಳು ಮತ್ತೆ ಮತ್ತೆ ತೋರಿಸಿವೆ. ಕೆಲಸ ಮಾಡುವುದು ಎರಡು: ರಕ್ತದ ಪ್ಲಾಸ್ಮಾವನ್ನು ಯಂತ್ರದ ಮೂಲಕ ಹೊರತೆಗೆದು ಪ್ರತಿಕಾಯಗಳನ್ನು ತೆಗೆದುಹಾಕುವುದು, ಇಲ್ಲವೇ ಸಾವಿರಾರು ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದ ಇಮ್ಯುನೋಗ್ಲಾಬ್ಯುಲಿನ್ನನ್ನು ಐದು ದಿನ ಡ್ರಿಪ್ಪಿನಲ್ಲಿ ಕೊಡುವುದು. ಎರಡನೆಯದಕ್ಕೆ ಲಕ್ಷಗಟ್ಟಲೆ ಖರ್ಚು. ಎರಡರ ಫಲವೂ ಒಂದೇ ಎಂದು ಪ್ರಯೋಗಗಳು ಹೇಳುತ್ತವೆ, ಆದ್ದರಿಂದ ಹಣವಿಲ್ಲದವರು ಕಡಿಮೆ ಚಿಕಿತ್ಸೆ ಸಿಕ್ಕಿತೆಂದು ಕೊರಗಬೇಕಾಗಿಲ್ಲ. ನಾಲ್ಕೈದು ರೋಗಿಗಳಲ್ಲಿ ಒಬ್ಬರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಒಳ್ಳೆಯ ಆರೈಕೆ ಸಿಕ್ಕರೆ ಬಹುಪಾಲು ಜನ ನಡೆದುಕೊಂಡೇ ಮನೆಗೆ ಹೋಗುತ್ತಾರೆ, ತಿಂಗಳುಗಳು ಹಿಡಿದರೂ.

ಪ್ರತಿಕಾಯಗಳೇ ದಾಳಿ ಮಾಡುವ ಇನ್ನೊಂದು ಕಾಯಿಲೆ, ಮಯಸ್ತೇನಿಯಾ ಗ್ರಾವಿಸ್ ಬಗ್ಗೆ ಎರಡು ಮಾತು. ನಟ ಅಮಿತಾಭ್ ಬಚ್ಚನ್ ಅವರಿಗೆ ಬಂದದ್ದರಿಂದ ಅದರ ಹೆಸರು ಕೇಳಿರುತ್ತೀರಿ. ಬೆಳಿಗ್ಗೆ ಚೆನ್ನಾಗಿರುವ ರೆಪ್ಪೆ ಸಂಜೆಗೆ ಜೋತುಬೀಳುತ್ತದೆ, ಊಟ ಅರ್ಧವಾಗುವಷ್ಟರಲ್ಲಿ ದವಡೆ ಸೋಲುತ್ತದೆ. ಬಟ್ಟೆಯಲ್ಲಿ ಸುತ್ತಿದ ಐಸನ್ನು ಎರಡು ನಿಮಿಷ ರೆಪ್ಪೆಯ ಮೇಲಿಟ್ಟರೆ ಅದು ಮೇಲೇಳುತ್ತದೆ, ಖರ್ಚಿಲ್ಲದ ಪರೀಕ್ಷೆ. ನರದ ಸಂದೇಶವನ್ನು ಸ್ನಾಯು ಸ್ವೀಕರಿಸುವ ಜಾಗಕ್ಕೆ ಪ್ರತಿಕಾಯಗಳು ಅಡ್ಡ ಕೂರುವುದರಿಂದ ಹೀಗಾಗುತ್ತದೆ. 1973ರಲ್ಲಿ ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ಬೇರೆ ಯಾವುದೋ ಸಂಶೋಧನೆಗೆಂದು ವಿದ್ಯುತ್ ಹಾವುಮೀನಿನ ಅದೇ ಅಂಶವನ್ನು ಮೊಲಗಳಿಗೆ ಚುಚ್ಚಿದಾಗ ಮೊಲಗಳು ಕತ್ತೆತ್ತಲಾರದೆ ಬಿದ್ದವು. ಕಾರಣ ಸಿಕ್ಕಿದ್ದು ಹಾಗೆ. ಈ ರೋಗಿಗಳಲ್ಲಿ ಅನೇಕರ ಥೈಮಸ್ ಗ್ರಂಥಿ ಕೆರಳಿರುತ್ತದೆ, ಅದನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರೆ ಗುಣ ಕಾಣುತ್ತದೆ.

ಇಷ್ಟೆಲ್ಲ ಓದಿದ ಮೇಲೆ, ಅಂಗಡಿಯ ಗಾಜಿನ ಕಪಾಟಿನಲ್ಲಿ 'ಇಮ್ಯುನಿಟಿ ಹೆಚ್ಚಿಸುತ್ತದೆ' ಎಂದು ಬರೆದ ಡಬ್ಬಿ ಕಂಡರೆ ನನ್ನ ಸಿಟ್ಟು ನಿಮಗೆ ಅರ್ಥವಾದೀತು. ಯಾವ ಕಣದ ಇಮ್ಯುನಿಟಿ? ಕೊಲ್ಲುವ ಕಣದ್ದೋ, ಹದ್ದುಬಸ್ತಿನ ಕಣದ್ದೋ? ಎಂಎಸ್, ಮಯಸ್ತೇನಿಯಾ ಇರುವವರಿಗೆ 'ನಿನಗೆ ಶಕ್ತಿ ಕಡಿಮೆ, ಅದಕ್ಕೇ ಬಂತು' ಎಂದು ನೆಂಟರು ಡಬ್ಬಿ ತಂದುಕೊಡುತ್ತಾರೆ. ಅವರ ನಿರೋಧಕ ಶಕ್ತಿ ಕಡಿಮೆಯಾಗಿಲ್ಲ, ದಿಕ್ಕು ತಪ್ಪಿದೆ. ಅದನ್ನು ತಗ್ಗಿಸಲು ತಿಂಗಳಿಗೆ ಸಾವಿರಾರು ರೂಪಾಯಿಯ ಔಷಧಿ ನುಂಗುತ್ತಿರುವವರಿಗೆ ಏರಿಸುವ ಪುಡಿ ಕೊಡುವುದು ಉಪಚಾರವಲ್ಲ. ಕೊಡಲೇಬೇಕೆಂದಿದ್ದರೆ ಹಣ್ಣು ಕೊಡಿ.

ಓದುಗರಲ್ಲಿ ಒಂದು ಕೋರಿಕೆ. ಎರಡೂ ಕಾಲಲ್ಲಿ ಜುಮುಜುಮು ಶುರುವಾಗಿ, ದಿನದಿಂದ ದಿನಕ್ಕೆ ಬಲ ಕುಂದುತ್ತಾ ಮೇಲಕ್ಕೆ ಏರುತ್ತಿದ್ದರೆ, ಒಂದು ಕಣ್ಣು ನೋವಿನೊಂದಿಗೆ ಮಂಜಾದರೆ, ಕಾಲು ಸೋತು ಮೂತ್ರ ಕಟ್ಟಿಕೊಂಡರೆ, ನಾಟಿ ಎಣ್ಣೆಯ ಮಾಲೀಸಿಗೋ ಶಕ್ತಿಯ ಬಾಟಲಿ ಹಾಕಿಸಲಿಕ್ಕೋ ದಿನ ಕಳೆಯಬೇಡಿ. ಅದೇ ದಿನ ನರರೋಗ ತಜ್ಞರೂ ವೆಂಟಿಲೇಟರೂ ಇರುವ ಆಸ್ಪತ್ರೆಗೆ ಹೊರಡಿ. ಹೊರಡುವ ಮುನ್ನ ರೋಗಿಗೆ ಒಂದೇ ಉಸಿರಿಗೆ ಎಣಿಸಲು ಹೇಳಿ; ಇಪ್ಪತ್ತು ಮುಟ್ಟದಿದ್ದರೆ ಕಾರಿಗೆ ಕಾಯದೆ ಆಮ್ಲಜನಕವಿರುವ 108 ಆಂಬುಲೆನ್ಸನ್ನೇ ಕರೆಯಿರಿ.